ಚಳಿ ಮನೆ: ಬಿಲ್ ಕಟ್ಟೋರನ್ನ ಮಾತ್ರ ಕೇಳಿದ್ರೆ ಸಾಕಾ?

[ದೃಶ್ಯ: ಇಂಗ್ಲೆಂಡಿನ ಸಾಲುಮನೆಗಳು, ಕಿಟಕಿ ಗಾಜಿನ ಒಳಗಡೆ ನೀರಹನಿ]

ಮನೆ ಬೆಚ್ಚಗಿಡೋಕೆ ದುಡ್ಡು ಸಾಲದ ಸ್ಥಿತಿಗೆ ಬ್ರಿಟನ್ನಿನಲ್ಲಿ ಇಂಧನ ಬಡತನ ಅಂತಾರೆ. ಇಂಗ್ಲೆಂಡಿನ ವಸತಿ ಸಮೀಕ್ಷೆಯವರು ಮಾತಾಡಿಸೋದು ಮನೆಯ ಯಜಮಾನರನ್ನ, ಇಲ್ಲಾ ಅವರ ಸಂಗಾತಿಯನ್ನ. ಹಿಂದಿನ ಕೋಣೆಯಲ್ಲಿ ಮಲಗೋ ಹದಿನಾಲ್ಕರ ಹುಡುಗಿಯನ್ನ ಯಾರು ಕೇಳ್ತಾರೆ? ಇಂಧನ ಬಡತನದ ಸಂಶೋಧನೆಗೆ ಮಕ್ಕಳನ್ನೂ ಯಾಕೆ, ಹೇಗೆ ಸೇರಿಸಬೇಕು ಅಂತ ಇವತ್ತು ನೋಡೋಣ.

ವ್ಯಾಖ್ಯೆ ಬೇಗ ಮುಗಿಸೋಣ. ಇಂಗ್ಲೆಂಡಲ್ಲಿ ಎರಡು ಷರತ್ತು: ಮನೆಯ ಇಂಧನ ದಕ್ಷತೆ (ಎ ಅತ್ಯುತ್ತಮ, ಜಿ ಕೊನೇದು) ಡಿ ದರ್ಜೆ ಅಥವಾ ಅದಕ್ಕಿಂತ ಕೆಳಗಿರಬೇಕು, ಇಂಧನದ ಖರ್ಚು ಕಳೆದರೆ ಉಳಿಯೋ ಆದಾಯ ಬಡತನ ರೇಖೆಗಿಂತ ಕಡಿಮೆ ಇರಬೇಕು. ಮನೆ ಸಿ ದರ್ಜೆಗೇರಿತು ಅಂದ್ರೆ ಬಿಲ್ ಎಷ್ಟೇ ಬರಲಿ, ಕಾಗದದ ಮೇಲೆ ನಿಮಗೆ ಇಂಧನ ಬಡತನವೇ ಇಲ್ಲ! ಇನ್ನೊಂದು ತಮಾಷೆ, ಲೆಕ್ಕ ಹಾಕೋದು ಮನೆಯವರು ನಿಜವಾಗಿ ಕಟ್ಟಿದ ಬಿಲ್ ಮೇಲಲ್ಲ. ಹಾಲ್‌ಗೆ 21 ಡಿಗ್ರಿ, ಉಳಿದ ಕೋಣೆಗಳಿಗೆ 18 ಡಿಗ್ರಿ ಕೊಡೋಕೆ ಎಷ್ಟು ಬೇಕೋ ಅಷ್ಟು. ವಾಸ್ತವದಲ್ಲಿ ದುಡ್ಡಿಲ್ಲದವರು ಹಾಲ್ ಒಂದನ್ನೇ ಬೆಚ್ಚಗಿಟ್ಟು ಮಲಗೋ ಕೋಣೆಗಳ ರೇಡಿಯೇಟರ್ (ಕೋಣೆ ಕಾಯಿಸೋ ಬಿಸಿನೀರಿನ ಫಲಕ) ಆಫ್ ಮಾಡಿಬಿಡ್ತಾರೆ. ಮಕ್ಕಳು ಓದೋದು, ಮಲಗೋದು ಅಲ್ಲೇ.

[ಗ್ರಾಫ್: 14 ಡಿಗ್ರಿ, ತೇವಾಂಶ 75%]

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. ಕೋಣೆ 14 ಡಿಗ್ರಿ, ತೇವಾಂಶ 75%. ಅಂದ್ರೆ ಆ ಉಷ್ಣಾಂಶದಲ್ಲಿ ಗಾಳಿ ಹಿಡಿದಿಡಬಲ್ಲ ನೀರಾವಿಯ ಮುಕ್ಕಾಲು ಪಾಲು ಅದರಲ್ಲಿದೆ; ಗಾಳಿ ತಣ್ಣಗಾದಷ್ಟೂ ಈ ಪಾಲು ಏರುತ್ತೆ. ಗೋಡೆಯ ಪಕ್ಕದ ಗಾಳಿಯಲ್ಲಿ ತೇವ 80% ದಾಟಿ ಹಾಗೇ ಉಳಿದ್ರೆ ಬೂಷ್ಟು ಹಿಡಿಯುತ್ತೆ, ನೀರು ಇಳೀಲೇಬೇಕು ಅಂತೇನಿಲ್ಲ. ಇಲ್ಲಿ ಗೋಡೆ 13 ಡಿಗ್ರಿಗೆ ಬಂದ್ರೆ ಸಾಕು, 80% ಆಗೋಯ್ತು. ಒಂದೇ ಒಂದು ಡಿಗ್ರಿ! ಹೊರಗೋಡೆಗೆ ಒತ್ತಿಟ್ಟ ಬೀರುವಿನ ಹಿಂದೆ ಅಷ್ಟು ವ್ಯತ್ಯಾಸ ಸುಲಭವಾಗಿ ಬರುತ್ತೆ. ಈಗ ಅದೇ ಗಾಳಿಯನ್ನ, ಅಷ್ಟೇ ನೀರಾವಿ ಇಟ್ಕೊಂಡು, 20 ಡಿಗ್ರಿಗೆ ಕಾಯಿಸಿ. ತೇವಾಂಶ ಸುಮಾರು 51%ಕ್ಕೆ ಇಳಿಯುತ್ತೆ. "ಕಿಟಕಿ ತೆಗೀರಿ, ಒಳಗೆ ಬಟ್ಟೆ ಒಣಗಿಸಬೇಡಿ" ಅಂತ ಬಾಡಿಗೆದಾರರಿಗೆ ಉಪದೇಶ ಮಾಡೋ ಮಾಲೀಕರು ಈ ಲೆಕ್ಕ ಒಮ್ಮೆ ನೋಡಬೇಕು. ಅಲ್ಲಿರೋ ನಮ್ಮ ಕನ್ನಡದ ಕುಟುಂಬಗಳಿಗೂ ಈ ಉಪದೇಶ ಹೊಸದೇನಲ್ಲ.

ಅದಕ್ಕೇ ಸಂಶೋಧನೆಯಲ್ಲಿ ಮಕ್ಕಳು ಬೇಕು. ಬೀರುವಿನ ಹಿಂದಿನ ಕಪ್ಪು ಮೂಲೆ ಮೊದಲು ಕಣ್ಣಿಗೆ ಬೀಳೋದು ಅಲ್ಲಿ ಮಲಗೋರಿಗೆ.

ಹೇಗೆ ಮಾಡೋದು? ಮನೆಗೆ ಎರಡು ಲಾಗರ್ (ತಾನಾಗೇ ಅಳತೆ ಬರೆದಿಡೋ ಪುಟ್ಟ ಯಂತ್ರ) ಕೊಡಿ, ಹಾಲ್‌ಗೊಂದು, ಮಗುವಿನ ಕೋಣೆಗೊಂದು. ಉಷ್ಣಾಂಶ, ತೇವಾಂಶ ಎರಡೂ ಬರೆದಿಡೋದಾಗಿರಲಿ. ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಅಳತೆ ಸಾಕು. ಒಳಗೋಡೆಯ ಕಪಾಟಿನ ಮೇಲೆ, ಒಂದರಿಂದ ಒಂದೂವರೆ ಮೀಟರ್ ಎತ್ತರದಲ್ಲಿಡಿ. ಬಿಸಿಲು, ರೇಡಿಯೇಟರ್ ಹತ್ತಿರ ಬೇಡ. ಹುಡುಗರು ಅದನ್ನ ಬಿಸಿಯಾಗೋ ಗೇಮಿಂಗ್ ಬಾಕ್ಸ್ ಮೇಲಿಟ್ಟರೋ, ಗ್ರಾಫ್ ಪ್ರಕಾರ ಆ ಮನೆ ಸಂಜೆಯಾದ್ರೆ ಮೈಸೂರು!

ಪ್ರಶ್ನೆ ಕೇಳೋದ್ರಲ್ಲೇ ಹೆಚ್ಚಿನವರು ಎಡವೋದು. "ನಿಮ್ಮನೆ ತಣ್ಣಗಿದೆಯಾ?" ಅಂದ್ರೆ ಅಪ್ಪ ಅಮ್ಮನ ಮರ್ಯಾದೆ ಕಾಪಾಡೋಕೆ ಮಗು "ಇಲ್ಲ" ಅನ್ನುತ್ತೆ. "ಸಂಜೆ ಯಾವ ಕೋಣೆಯಲ್ಲಿರ್ತೀಯ? ಮಲಗುವಾಗ ಏನು ಹಾಕ್ಕೊಂತೀಯ?" ಅಂತ ಕೇಳಿ. ಪ್ರಶ್ನೆಗಳನ್ನ ಆ ವಯಸ್ಸಿನವರ ಜೊತೆ ಕೂತೇ ಬರೆಯಿರಿ. ವರದಿ ಮುಗಿದ ಮೇಲೆ ಕರೆದು ಫೋಟೋ ತೆಗೆಸೋದು ಭಾಗವಹಿಸುವಿಕೆ ಅಲ್ಲ, ಅಲಂಕಾರ.

ಟೈಮ್ ಆಗ್ತಾ ಬಂತು, ಉಳಿದದ್ದು ಓಡಿಸ್ತೀನಿ. 16ಕ್ಕಿಂತ ಚಿಕ್ಕವರಾದ್ರೆ ಪೋಷಕರ ಒಪ್ಪಿಗೆಯ ಜೊತೆ ಮಗುವಿನ ಒಪ್ಪಿಗೆ ಬೇರೆಯಾಗಿ ಪಡೀರಿ. ಮಕ್ಕಳು ಕೋಣೆಯ ಫೋಟೋ ತೆಗೆದು ಕೊಟ್ರೆ ಅದರಲ್ಲಿ ಮುಖ, ಬಿಲ್, ಲೊಕೇಶನ್ ಬರಬಾರದು. ಎಲ್ಲವೂ ಗುಟ್ಟಾಗಿರುತ್ತೆ ಅಂತ ಮಾತು ಕೊಡಬೇಡಿ; ಮಗುವಿಗೆ ಅಪಾಯ ಕಂಡ್ರೆ ತಿಳಿಸಬೇಕಾಗುತ್ತೆ ಅಂತ ಮೊದಲೇ ಹೇಳಿ. ಅವರ ಸಮಯಕ್ಕೆ ವೋಚರ್, ಬಸ್ ಖರ್ಚು, ಬಿಸಿ ಊಟ ಕೊಡಿ. ಮೇ, ಜೂನ್ ಪರೀಕ್ಷೆ ತಿಂಗಳು, ಆಗ ಮೀಟಿಂಗ್ ಬೇಡ. ವರದಿ ಎರಡು ವರ್ಷ ಬಿಟ್ಟು ಬಂದ್ರೆ ಆ ಹುಡುಗಿ ಶಾಲೆಯನ್ನೇ ಬಿಟ್ಟಿರ್ತಾಳೆ, ಅದಕ್ಕೆ ಅವಳ ಕೋಣೆಯ ಗ್ರಾಫನ್ನ ಲಾಗರ್ ವಾಪಸ್ ತಗೊಂಡ ವಾರದಲ್ಲೇ ಅವಳ ಕೈಗೆ ಕೊಡಿ.