ನಷ್ಟವಾದರೆ ಯಾರನ್ನು ಕೇಳಬೇಕು? ಅಮೆರಿಕದ ಬುಡಕಟ್ಟು ಉದ್ಯಮಗಳ ಲೆಕ್ಕ

ಎಲ್ಲರಿಗೂ ನಮಸ್ಕಾರ.

1987ರಲ್ಲಿ ಅರಿಜೋನಾದಲ್ಲಿ ಬಿಗ್ ಬೊಕೀಯಾಸ್ ಎಂಬ ಜಾನುವಾರು ರ‍್ಯಾಂಚ್ ಒಂದರ ಹಿಂದೆ ಒಂದರಂತೆ ಎರಡು ಸಲ ಮಾರಾಟವಾಯಿತು. ಸುಮಾರು 4.9 ಲಕ್ಷ ಎಕರೆ ಜಮೀನು. ಮೊದಲ ಮಾರಾಟದಲ್ಲಿ ಬೆಲೆ ಸುಮಾರು 2.6 ಕೋಟಿ ಡಾಲರ್. ಕೊಂಡವರು ಕೂಡಲೇ ಅದನ್ನು ನವಾಹೊ ಬುಡಕಟ್ಟಿಗೆ 3.34 ಕೋಟಿ ಡಾಲರಿಗೆ ಮಾರಿದರು. ನಡುವೆ ಹೋದ 70 ಲಕ್ಷಕ್ಕೂ ಹೆಚ್ಚು ಡಾಲರ್ ಬುಡಕಟ್ಟಿನ ಜನರ ದುಡ್ಡು.

ಆಗ ನವಾಹೊ ಚೇರ್ಮನ್ ಆಗಿದ್ದವರು ಪೀಟರ್ ಮ್ಯಾಕ್‌ಡೊನಾಲ್ಡ್. ಎರಡನೇ ಮಹಾಯುದ್ಧದಲ್ಲಿ ನವಾಹೊ ಭಾಷೆಯ ಗುಪ್ತಸಂಕೇತ ಕಲಿತು ಸೇವೆ ಮಾಡಿದವರು, ಜನಪ್ರಿಯ ನಾಯಕ. ಆದರೆ ಚೇರ್ಮನ್ ಕೈಯಲ್ಲಿ ಎಷ್ಟೊಂದು ಅಧಿಕಾರ ಇತ್ತು ನೋಡಿ. ಆಡಳಿತ ನಡೆಸುವವರೂ ಅವರೇ, ಬುಡಕಟ್ಟಿನ ಚುನಾಯಿತ ಸದಸ್ಯರ ಸಭೆಯಾದ ಕೌನ್ಸಿಲ್ಲಿನ ಅಧ್ಯಕ್ಷರೂ ಅವರೇ. ಹಾಗಿದ್ದ ಮೇಲೆ ವ್ಯವಹಾರ ಕೆಟ್ಟರೆ ಪ್ರಶ್ನೆ ಕೇಳುವವರು ಯಾರು? ಕೊನೆಗೆ 1989ರ ಫೆಬ್ರವರಿಯಲ್ಲಿ ಕೌನ್ಸಿಲ್ ಧೈರ್ಯ ಮಾಡಿ ಅವರನ್ನು ರಜೆಯ ಮೇಲೆ ಕಳಿಸಿತು. ಆ ಜುಲೈನಲ್ಲಿ ರಾಜಧಾನಿ ವಿಂಡೋ ರಾಕ್‌ನಲ್ಲಿ ಅವರ ಬೆಂಬಲಿಗರ ಗಲಾಟೆ ನಡೆದು ಇಬ್ಬರು ಸತ್ತರು. ಡಿಸೆಂಬರಿನಲ್ಲಿ ಕೌನ್ಸಿಲ್ ಕಾನೂನು ತಿದ್ದಿ ಆ ಒಂದು ಹುದ್ದೆಯನ್ನು ಒಡೆಯಿತು. ಆಡಳಿತಕ್ಕೆ ಪ್ರೆಸಿಡೆಂಟ್, ಸಭೆಗೆ ಸ್ಪೀಕರ್. ಮುಂದಿನ ವರ್ಷ ಬುಡಕಟ್ಟಿನ ಸ್ವಂತ ನ್ಯಾಯಾಲಯದಲ್ಲೇ ಮ್ಯಾಕ್‌ಡೊನಾಲ್ಡ್ ಮೇಲಿನ ಲಂಚದ ಆರೋಪಗಳು ಸಾಬೀತಾದವು.

ಇದನ್ನು ಒಬ್ಬ ಮನುಷ್ಯನ ದುರಾಸೆಯ ಕಥೆ ಅಂತ ಹೇಳಿ ಮುಗಿಸಬಹುದು. ನನಗೆ ಅದರಲ್ಲಿ ಆಸಕ್ತಿ ಕಡಿಮೆ. ಅವರನ್ನು ಹಿಡಿಯಲು ಯಾಕೆ ಅಷ್ಟು ಹೊತ್ತು ಬೇಕಾಯಿತು ಅನ್ನುವುದೇ ಇಲ್ಲಿ ಕೇಳಬೇಕಾದ ವಿಷಯ.

ಬುಡಕಟ್ಟಿನ ನಾಯಕರು ಲೆಕ್ಕ ಕೊಡುವುದಿಲ್ಲ ಅಂತ ದೂರುವುದು ಸುಲಭ. ಆದರೆ ಬಹಳ ಕಾಲ ಅವರು ಲೆಕ್ಕ ಕೊಡಬೇಕಿದ್ದದ್ದು ವಾಷಿಂಗ್ಟನ್ನಿಗೆ, ತಮ್ಮ ಜನರಿಗಲ್ಲ. ದುಡ್ಡು ಅಲ್ಲಿಂದ ಬರುತ್ತಿತ್ತು, ವರದಿ ಅಲ್ಲಿಗೆ ಹೋಗುತ್ತಿತ್ತು. ಅನುದಾನ ತಂದವನೇ ಒಳ್ಳೆಯ ನಾಯಕ. ಅದರಿಂದ ಕಟ್ಟಿದ ಕಾರ್ಖಾನೆ ಎರಡು ವರ್ಷದಲ್ಲಿ ಮುಚ್ಚಿದರೂ ಅವನ ಕಡತ ಸರಿಯಾಗಿಯೇ ಇರುತ್ತಿತ್ತು!

ಇನ್ನು ಆ ವಾಷಿಂಗ್ಟನ್ನಾದರೂ ಲೆಕ್ಕದಲ್ಲಿ ಚೊಕ್ಕವಾಗಿತ್ತಾ? ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಖಜಾಂಚಿ ಆಗಿದ್ದ ಎಲೊಯಿಸ್ ಕೊಬೆಲ್ 1996ರಲ್ಲಿ ಸರ್ಕಾರದ ಮೇಲೆ ದಾವೆ ಹೂಡಿದರು. ಸರ್ಕಾರ 1887ರ ಕಾನೂನಿನಡಿ ಬುಡಕಟ್ಟುಗಳ ನೆಲವನ್ನು ಒಬ್ಬೊಬ್ಬರ ಹೆಸರಿಗೆ ಹಂಚಿ, ಅದರ ಬಾಡಿಗೆ, ಎಣ್ಣೆ, ಮರದ ಆದಾಯವನ್ನು ತಾನೇ ಇಟ್ಟುಕೊಂಡು ನೋಡಿಕೊಳ್ಳುತ್ತಿತ್ತು. ಆ ದುಡ್ಡಿನ ಲೆಕ್ಕ ಕೊಡಿ ಅಂದರೆ ಸರ್ಕಾರದ ಬಳಿ ಪೂರ್ತಿ ಲೆಕ್ಕವೇ ಇರಲಿಲ್ಲ. 2009ರಲ್ಲಿ 340 ಕೋಟಿ ಡಾಲರಿಗೆ ರಾಜಿ ಆಯಿತು. ಬುಡಕಟ್ಟಿನ ಮ್ಯಾನೇಜರನ್ನು ಬೈಯುವ ಮೊದಲು ಇದು ನೆನಪಿರಲಿ.

ಈಗ ಅಲಾಸ್ಕಾಕ್ಕೆ ಬರೋಣ. ಅಲ್ಲಿಯ ಕಥೆ ವಿಚಿತ್ರವಾಗಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1971ರಲ್ಲಿ ಅಮೆರಿಕದ ಸಂಸತ್ತು ಅಲಾಸ್ಕಾದ ಮೂಲನಿವಾಸಿಗಳ ಭೂಮಿಯ ಹಕ್ಕು ಇತ್ಯರ್ಥ ಮಾಡಿತು. ಸುಮಾರು 4.4 ಕೋಟಿ ಎಕರೆ, 96.25 ಕೋಟಿ ಡಾಲರ್. ಅದನ್ನು ಬುಡಕಟ್ಟುಗಳ ಕೈಗೆ ಕೊಡಲಿಲ್ಲ. 12 ಪ್ರಾದೇಶಿಕ ಕಂಪನಿಗಳನ್ನೂ ಹಳ್ಳಿಗಳ ಕಂಪನಿಗಳನ್ನೂ ಮಾಡಿಸಿ ಅವುಗಳಿಗೆ ಕೊಟ್ಟಿತು. ಹೊರಗೆ ನೆಲೆಸಿದವರಿಗಾಗಿ ಆಮೇಲೆ 13ನೆಯದೊಂದು ಬಂತು. ನಿನ್ನೆಯವರೆಗೆ ಮೀನು, ಬೇಟೆ ನಂಬಿ ಬದುಕಿದವರು ರಾತ್ರೋರಾತ್ರಿ ತಲಾ 100 ಷೇರಿನ ಷೇರುದಾರರಾದರು. ಅವರ ಮುಖಂಡರು ಡೈರೆಕ್ಟರುಗಳಾದರು.

ಸಾಮಾನ್ಯ ಕಂಪನಿಯಲ್ಲಿ ಮ್ಯಾನೇಜರ್ ಕೆಲಸ ಕೆಡಿಸಿದರೆ ಜನ ಷೇರು ಮಾರುತ್ತಾರೆ, ಬೆಲೆ ಬೀಳುತ್ತದೆ, ಇನ್ಯಾರೋ ಬಂದು ಕಂಪನಿ ಕೊಳ್ಳುತ್ತಾರೆ, ಮ್ಯಾನೇಜರ್ ಮನೆಗೆ ಹೋಗುತ್ತಾನೆ. ಅಲಾಸ್ಕಾದಲ್ಲಿ ಈ ಷೇರು ಮಾರುವಂತಿಲ್ಲ. ಅದು ಸರಿಯಾದ ನಿಯಮವೇ, ಇಲ್ಲದಿದ್ದರೆ ಭೂಮಿ ಹೊರಗಿನವರ ಪಾಲಾಗುತ್ತಿತ್ತು. ಆದರೆ ಮ್ಯಾನೇಜರಿಗೆ ಇದ್ದ ಒಂದು ಭಯ ಹೋಯಿತು. ಉಳಿದದ್ದು ಡೈರೆಕ್ಟರುಗಳ ಚುನಾವಣೆ. ಅಲ್ಲಿ ನಿಲ್ಲುವವರು, ಮತ ಹಾಕುವವರು, ಕಂಪನಿಯಲ್ಲಿ ಕೆಲಸ ಮಾಡುವವರು ಎಲ್ಲರೂ ನೆಂಟರಿಷ್ಟರು. ಸ್ವಂತ ಭಾವನನ್ನು ಸೋಲಿಸಲು ಮತ ಹಾಕುವುದು ಹೇಗೆ ಅಲ್ವಾ?

ಮೊದಲ ವರ್ಷಗಳಲ್ಲಿ ಹಲವು ಕಂಪನಿಗಳು ಗೊತ್ತಿಲ್ಲದ ವ್ಯಾಪಾರಕ್ಕೆ ಕೈ ಹಾಕಿ ಸುಟ್ಟುಕೊಂಡವು. ಬೇರಿಂಗ್ ಸ್ಟ್ರೇಟ್ಸ್ ಕಂಪನಿ 1986ರಲ್ಲಿ ದಿವಾಳಿ ಅರ್ಜಿ ಹಾಕಿತು. ಆಗಲೇ ಒಂದು ತಮಾಷೆ ನಡೆಯಿತು. ಈ ಕಂಪನಿಗಳು ತಮ್ಮ ನಷ್ಟವನ್ನು ಲಾಭದಲ್ಲಿದ್ದ ದೊಡ್ಡ ಕಂಪನಿಗಳಿಗೆ ಮಾರಬಹುದು ಎಂದು ತೆರಿಗೆ ಕಾನೂನು ಅವಕಾಶ ಕೊಟ್ಟಿತು. ಕೊಂಡವರಿಗೆ ತೆರಿಗೆ ಉಳಿತಾಯ, ಮಾರಿದವರಿಗೆ ನಗದು. 1988ರಲ್ಲಿ ಸಂಸತ್ತು ಇದನ್ನು ನಿಲ್ಲಿಸಿತು. ಆ ನಷ್ಟದಲ್ಲಿ ದೊಡ್ಡ ಪಾಲು ಮರದ ಬೆಲೆ ಕುಸಿದು ಕಾಗದದ ಮೇಲೆ ಬಂದದ್ದು, ಎಲ್ಲವೂ ಕೆಟ್ಟ ಆಡಳಿತದ ಫಲವಲ್ಲ. ಆ ದುಡ್ಡು ಎಷ್ಟೋ ಕಂಪನಿಗಳ ಜೀವ ಉಳಿಸಿತು ಎನ್ನುವುದೂ ನಿಜ. ಆದರೂ, ನಷ್ಟಕ್ಕೇ ಗಿರಾಕಿ ಸಿಕ್ಕ ಮೇಲೆ ಮ್ಯಾನೇಜರನ್ನು ವಾರ್ಷಿಕ ಸಭೆಯಲ್ಲಿ ಯಾರು ತರಾಟೆಗೆ ತೆಗೆದುಕೊಳ್ಳುತ್ತಾರೆ?

ಸರಿಯಾಗಿ ಮಾಡಿದವರೂ ಇದ್ದಾರೆ. ಮಿಸಿಸಿಪಿಯ ಚಾಕ್ಟಾ ಬುಡಕಟ್ಟು ಫಿಲಿಪ್ ಮಾರ್ಟಿನ್ ಮುಂದಾಳತ್ವದಲ್ಲಿ 1979ರಲ್ಲಿ ಜನರಲ್ ಮೋಟಾರ್ಸ್‌ಗೆ ಕಾರಿನ ವೈರಿಂಗ್ ಜೋಡಿಸುವ ಕಾರ್ಖಾನೆ ತೆರೆಯಿತು. ಶುರುವಿನಲ್ಲಿ ಸಾಲದಲ್ಲಿ ಮುಳುಗುವ ಹಾಗಿತ್ತು. ಆ ಕೆಲಸ ಗೊತ್ತಿದ್ದ ಮ್ಯಾನೇಜರನ್ನು ಹೊರಗಿನಿಂದ ತಂದರು, ಕಾರ್ಖಾನೆ ಚೇತರಿಸಿಕೊಂಡಿತು. ನೆಬ್ರಾಸ್ಕಾದ ವಿನ್ನೆಬೇಗೊ ಬುಡಕಟ್ಟು 1994ರಲ್ಲಿ ಕ್ಯಾಸಿನೊ ದುಡ್ಡಿನಿಂದ ಹೋ-ಚಂಕ್ ಕಂಪನಿ ಕಟ್ಟಿದಾಗಲೇ ರಾಜಕೀಯ ಬೇರೆ, ವ್ಯಾಪಾರ ಬೇರೆ ಅಂತ ಬರೆದಿಟ್ಟುಕೊಂಡಿತು. ಕೌನ್ಸಿಲ್ ನಿರ್ದೇಶಕ ಮಂಡಳಿಯನ್ನು ನೇಮಿಸುತ್ತದೆ. ಯಾರಿಗೆ ಕೆಲಸ ಕೊಡಬೇಕು, ಯಾವ ಅಂಗಡಿ ಮುಚ್ಚಬೇಕು ಎನ್ನುವುದು ಮ್ಯಾನೇಜರ್ ತಲೆನೋವು. ಹಾರ್ವರ್ಡ್‌ನಲ್ಲಿ 1987ರಿಂದ ಇದನ್ನೇ ಅಧ್ಯಯನ ಮಾಡುತ್ತಿರುವ ತಂಡ ಕಂಡುಕೊಂಡದ್ದೂ ಇದೇ: ಕೌನ್ಸಿಲ್ ದಿನನಿತ್ಯ ಕೈ ಆಡಿಸದ ಉದ್ಯಮಗಳು ಲಾಭ ಮಾಡುವ ಸಾಧ್ಯತೆ ಜಾಸ್ತಿ.

ಕೌನ್ಸಿಲ್ ಸದಸ್ಯ ಫೋನ್ ಮಾಡಿ ನಮ್ಮ ಹುಡುಗನಿಗೊಂದು ಕೆಲಸ ಕೊಡಿ ಅನ್ನುತ್ತಾನೆ. ಮ್ಯಾನೇಜರ್ ಕೊಡುತ್ತಾನೆ. ವರ್ಷದ ಕೊನೆಗೆ ನಷ್ಟ. ಮ್ಯಾನೇಜರ್ ಕೌನ್ಸಿಲ್ ಕಡೆ ಬೆರಳು ತೋರಿಸುತ್ತಾನೆ, ಕೌನ್ಸಿಲ್ ಮ್ಯಾನೇಜರ್ ಕಡೆ. ಇಬ್ಬರ ಮಾತೂ ಅರ್ಧ ಸರಿ. ಮಂತ್ರಿಗಿರಿ ಸಿಗದ ಶಾಸಕರಿಗೆ ನಿಗಮ ಮಂಡಳಿ ಹಂಚುವುದನ್ನು ನೋಡುತ್ತಾ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿರ್ಧಾರ ಒಬ್ಬನದಾಗದ ಹೊರತು ಹೊಣೆಯೂ ಒಬ್ಬನದಾಗುವುದಿಲ್ಲ.

ಗೆರೆ ಎಳೆದ ಮಾತ್ರಕ್ಕೆ ಮುಗಿಯಿತಾ? ಇಲ್ಲ. ನವಾಹೊ ಕೌನ್ಸಿಲ್ 1989ರಲ್ಲಿ ಚೇರ್ಮನ್ ಅಧಿಕಾರ ಒಡೆಯಿತು, ಸರಿ. ಆದರೆ ಕೌನ್ಸಿಲ್ ಸದಸ್ಯರ ವಿವೇಚನೆಗೆ ಬಿಟ್ಟ ಒಂದು ನಿಧಿ ಇತ್ತು, ಕಷ್ಟದಲ್ಲಿರುವವರಿಗೆ ಕೊಡಲು. 2010ರಲ್ಲಿ ಆ ದುಡ್ಡು ದುರುಪಯೋಗವಾಗಿದೆ ಅಂತ ಸದಸ್ಯರಲ್ಲಿ ಬಹುಪಾಲು ಜನರ ಮೇಲೆ ಆರೋಪ ಬಂತು. ಅದಕ್ಕೆ ಸ್ವಲ್ಪ ಮುಂಚೆ, 2009ರ ಡಿಸೆಂಬರಿನಲ್ಲಿ, ನವಾಹೊ ಮತದಾರರು ಕೌನ್ಸಿಲ್ಲನ್ನು 88 ಸ್ಥಾನದಿಂದ 24ಕ್ಕೆ ಇಳಿಸಲು ಮತ ಹಾಕಿದ್ದರು. ಈ ಸಲ ತೀರ್ಪು ಕೊಟ್ಟವರು ವಾಷಿಂಗ್ಟನ್ನಿನವರಲ್ಲ, ನವಾಹೊ ಜನರೇ. ಪ್ರಶ್ನೆಗಳಿದ್ದರೆ ಈಗ ಕೇಳಿ.