ಕುಕ್ಕರಹಳ್ಳಿ ಕೆರೆಯಲ್ಲಿ ಒಂಬತ್ತು ಮರಿಗಳು

ಬೆಳಗ್ಗೆ ಆರೂವರೆ. ಮೈಸೂರಿನ ಕುಕ್ಕರಹಳ್ಳಿ ಕೆರೆ. ಸ್ವಲ್ಪ ಸೌಂಡ್ ಜಾಸ್ತಿ ಮಾಡಿಕೊಳ್ಳಿ. ಜೊಂಡಿನ ಒಳಗಿಂದ ಪೀ ಪೀ ಅಂತ ಕೇಳಿಸುತ್ತಿದೆ, ಅಲ್ವಾ?

ನೋಡಿ, ಅಮ್ಮ ಬಂದಳು. ಇದು ವರಟೆ, ನಮ್ಮ ಊರಿನ ಕಾಡು ಬಾತು. ಕಪ್ಪು ಕೊಕ್ಕು. ತುದಿ ಮಾತ್ರ ಅರಿಶಿನದಲ್ಲಿ ಅದ್ದಿ ತೆಗೆದ ಹಾಗಿದೆ. ಕೊಕ್ಕಿನ ಬುಡದಲ್ಲಿ ಎರಡು ಕೆಂಪು ಚುಕ್ಕೆ, ಕುಂಕುಮ ಇಟ್ಟ ಹಾಗೆ. ಮುತ್ತೈದೆ ಅಂದುಕೊಳ್ಳಬೇಡಿ, ಗಂಡಿಗೂ ಹೆಚ್ಚು ಕಡಿಮೆ ಇದೇ ವೇಷ. ಚಳಿಗಾಲಕ್ಕೆ ಉತ್ತರದಿಂದ ಸೂಜಿಬಾಲದ ಬಾತುಗಳು ಬಂದು ಹೋಗುತ್ತವೆ. ವರಟೆ ಹಾಗಲ್ಲ, ವರ್ಷಪೂರ್ತಿ ಇಲ್ಲೇ ಇರುತ್ತದೆ.

ಅವಳ ಹಿಂದೆ ಒಂದು, ಎರಡು, ಮೂರು... ಮೊದಲ ದಿನ ಒಂಬತ್ತು ಎಣಿಸಿದ್ದೆ. ಕಪ್ಪು ಮಿಶ್ರಿತ ಹಳದಿ ಉಂಡೆಗಳು. ಕಣ್ಣಿಗೆ ಅಡ್ಡಲಾಗಿ ಕಾಡಿಗೆ ಎಳೆದ ಹಾಗೆ ಒಂದು ಗೆರೆ.

ವರಟೆ ಗೂಡು ಕಟ್ಟೋದು ಮರದ ಮೇಲಲ್ಲ, ನೀರಿನ ಹತ್ತಿರ ಹುಲ್ಲಿನ ನಡುವೆ, ನೆಲದಲ್ಲೇ. ಮೊಟ್ಟೆಗಳನ್ನೆಲ್ಲ ಇಟ್ಟು ಮುಗಿದ ಮೇಲೆಯೇ ಕಾವಿಗೆ ಕೂರುತ್ತದೆ. ಅದಕ್ಕೇ ಹೆಚ್ಚು ಕಡಿಮೆ 24 ದಿನದ ನಂತರ ಎಲ್ಲಾ ಮರಿಗಳೂ ಒಟ್ಟಿಗೇ ಹೊರಬರುತ್ತವೆ. ಮೈ ಒಣಗಿದರೆ ಸಾಕು, ಅಮ್ಮನ ಹಿಂದೆ ನೀರಿಗೆ ಹೊರಟೇ ಬಿಡುತ್ತವೆ. ಗುಬ್ಬಚ್ಚಿ ಮರಿ ಬಾಯಿ ತೆರೆದು ಕೂರುತ್ತದಲ್ಲ, ಇವಕ್ಕೆ ಅಂಥ ತುತ್ತಿನ ಉಪಚಾರ ಇಲ್ಲ. ಈ ಕ್ಲಿಪ್ ನೋಡಿ. ಎಲೆ ಮೇಲೆ ಒಂದು ಹುಳ ಕೂತಿದೆ. ಮರಿ ಕತ್ತು ಚಾಚಿತು, ಗುರಿ ತಪ್ಪಿತು, ಮೂತಿ ನೀರಿಗೆ! ಮತ್ತೆ ಚಾಚಿತು. ಈ ಸಲ ಸಿಕ್ಕಿತು. ಅಮ್ಮ ತಿರುಗಿಯೂ ನೋಡಲಿಲ್ಲ.

ಈ ಮುಂದಿನ ದೃಶ್ಯ ಅಲ್ಲಾಡಿದೆ. ತಪ್ಪು ನನ್ನದೇ. ಎರಡನೇ ದಿನ ಇನ್ನೂ ಹತ್ತಿರದಿಂದ ಶೂಟ್ ಮಾಡೋಣ ಅಂತ ದಂಡೆಗೆ ಇಳಿದೆ. ಕಾಲು ಕೆಸರಲ್ಲಿ ಸಿಕ್ಕಿ ಪಚಕ್ ಅಂತ ಶಬ್ದ ಆಯಿತು. ಅಮ್ಮ ಜೋರಾಗಿ ಕೂಗಿದಳು. ಮರಿಗಳು ದಿಕ್ಕಿಗೊಂದು ಚೆದುರಿದವು. ಒಂದು ಮಾತ್ರ ಬಯಲು ನೀರಿಗೆ ಹೋಯಿತು. ಮೇಲೆ ಗರುಡ ಸುತ್ತುತ್ತಿತ್ತು. ಕ್ಯಾಮೆರಾ ಆಫ್ ಮಾಡಿ ಹಿಂದೆ ಸರಿದೆ. ಆ ಮರಿ ವಾಪಸ್ ಜೊಂಡು ಸೇರೋವರೆಗೂ ನನ್ನ ಜೀವ ಬಾಯಿಗೆ ಬಂದಿತ್ತು. ಆಮೇಲೆ ಎಲ್ಲಾ ಶೂಟ್ ಮಾಡಿದ್ದು ಏರಿ ಮೇಲಿಂದಲೇ, ಜೂಮ್ ಹಾಕಿ. ಚಿತ್ರ ಸ್ವಲ್ಪ ಮಸುಕು, ಅಡ್ಜಸ್ಟ್ ಮಾಡಿಕೊಳ್ಳಿ.

ಒಂದು ವಾರದಲ್ಲಿ ಎರಡು ಮರಿ ಕಡಿಮೆ ಆದವು. ಗರುಡವೋ, ನಾಯಿಯೋ, ನಾನು ನೋಡಲಿಲ್ಲ. ಅಷ್ಟು ಮೊಟ್ಟೆ ಯಾಕೆ ಇಡುತ್ತದೆ ಅಂತ ಆಗ ಅರ್ಥ ಆಯಿತು. ಆದರೂ ಬೆಳಗ್ಗೆ ಎದ್ದು ಎಣಿಸುವಾಗ ಹೊಟ್ಟೆ ಚುರುಕ್ ಅನ್ನುತ್ತದೆ.

ದಿನಾ ವಾಕಿಂಗ್ ಬರುವ ಅಂಕಲ್ ಒಬ್ಬರು ಇವತ್ತೂ ಸಿಕ್ಕರು. "ಎಷ್ಟಮ್ಮ ಇವತ್ತು?" ಅಂದರು. ಏಳು ಅಂದೆ. "ಇಲ್ಲಮ್ಮ, ಎಂಟಿವೆ, ಸರಿಯಾಗಿ ನೋಡು" ಅಂತ ಕನ್ನಡಕ ಒರೆಸಿಕೊಂಡರು. ಇಬ್ಬರೂ ಕಂಬಿಗೆ ಒರಗಿ ಮತ್ತೆ ಎಣಿಸಿದೆವು. ಆರು ಬಂತು. ಒಂದು ಕಡೆ ನಿಂತರೆ ತಾನೇ!