‘ಮೈಸೆಲ್ಫ್ ಸುರೇಶ್’: ತಪ್ಪು ಎಲ್ಲಿಂದ ಬರುತ್ತದೆ?

ಶಿಕ್ಷಕ ಮಿತ್ರರೇ,

ಇಂಗ್ಲಿಷಿನ ಆತ್ಮಾರ್ಥಕ ಸರ್ವನಾಮಗಳು, ಅಂದರೆ ಕರ್ತೃವಿನ ಕಡೆಗೇ ತಿರುಗುವ ‘ಸೆಲ್ಫ್’ ಪದಗಳು, ಎಂಟು. ಮೈಸೆಲ್ಫ್‌ನಿಂದ ದೆಮ್‌ಸೆಲ್ವ್ಸ್‌ವರೆಗೆ ಪಟ್ಟಿ ನಮ್ಮ ಮಕ್ಕಳಿಗೆ ಬಾಯಿಪಾಠ. ಆದರೂ ಸಂದರ್ಶನದಲ್ಲಿ ಕೂತ ಕೂಡಲೇ ‘ಮೈಸೆಲ್ಫ್ ಸುರೇಶ್’ ಅನ್ನುತ್ತಾರೆ. ನಾವು ಪಟ್ಟಿ ಕಲಿಸಿದೆವು, ಕೇಳಿಕೊಳ್ಳಬೇಕಾದ ಪ್ರಶ್ನೆ ಕಲಿಸಲಿಲ್ಲ. ಪ್ರಶ್ನೆ ಇಷ್ಟೇ: ಅದೇ ಉಪವಾಕ್ಯದಲ್ಲಿ ಕರ್ತೃ ಯಾರು? ಕರ್ತೃವೂ ಸರ್ವನಾಮ ಹೇಳುವ ವ್ಯಕ್ತಿಯೂ ಒಬ್ಬರೇ ಆದರೆ ಸೆಲ್ಫ್, ಬೇರೆಯಾದರೆ ‘ಮಿ’, ‘ಹಿಮ್’ನಂಥ ಸಾಮಾನ್ಯ ಸರ್ವನಾಮ.

ಸುರೇಶನ ಮಾತನ್ನೇ ನೋಡಿ. ಕನ್ನಡದಲ್ಲಿ ‘ನಾನು ಸುರೇಶ’ ಅಂದರೆ ಕ್ರಿಯಾಪದ ಇಲ್ಲದೆಯೇ ವಾಕ್ಯ ಪೂರ್ಣ. ಹುಡುಗ ಅದೇ ಅಚ್ಚನ್ನು ಇಂಗ್ಲಿಷಿಗೆ ಒತ್ತುತ್ತಾನೆ. ಬರೀ ‘ಐ’ ಅಂದರೆ ಒರಟಾದೀತು ಅನ್ನಿಸಿ ‘ಮೈಸೆಲ್ಫ್’ ಹಾಕುತ್ತಾನೆ. ಆದರೆ ಅಲ್ಲಿ ಕರ್ತೃವೇ ಇಲ್ಲ, ಮೈಸೆಲ್ಫ್ ಯಾರ ಕಡೆ ತಿರುಗಿ ನೋಡಬೇಕು? ‘ಐ ಆ್ಯಮ್ ಸುರೇಶ್’, ಅಷ್ಟು ಸಾಕು.

ಈ ವಿನಯದ ಭ್ರಮೆ ಕಚೇರಿ ಪತ್ರಗಳಲ್ಲೂ ಇದೆ, ಇಂಗ್ಲಿಷ್ ಮಾತೃಭಾಷೆಯಾದವರಲ್ಲೂ ಇದೆ: ‘ಪ್ಲೀಸ್ ಕಾಂಟ್ಯಾಕ್ಟ್ ದ ಪ್ರಿನ್ಸಿಪಾಲ್ ಆರ್ ಮೈಸೆಲ್ಫ್’. ಕರ್ತೃ ಯಾರು? ಅಡಗಿರುವ ‘ಯೂ’. ಆದ್ದರಿಂದ ‘ಮಿ’ ಬರಬೇಕು. ಮಕ್ಕಳಿಗೆ ಪರೀಕ್ಷೆ ಹೇಳಿಕೊಡಿ: ಪ್ರಿನ್ಸಿಪಾಲರನ್ನು ಹೊಡೆದುಹಾಕಿ ಓದಿ, ‘ಕಾಂಟ್ಯಾಕ್ಟ್ ಮೈಸೆಲ್ಫ್’ ತಾನಾಗಿಯೇ ಕಿವಿಗೆ ಚುಚ್ಚುತ್ತದೆ. ಅದೇ ಅಡಗಿದ ‘ಯೂ’ ಇರುವುದರಿಂದಲೇ ‘ಹೆಲ್ಪ್ ಯುವರ್‌ಸೆಲ್ಫ್’ ಸರಿ. ಹಲವರಿಗೆ ಹೇಳುವಾಗ ‘ಯುವರ್‌ಸೆಲ್ವ್ಸ್’.

ಇನ್ನು ನಮ್ಮ ಭಾಷೆ ಒಡ್ಡುವ ತೊಡಕು. ‘ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡೆ’ ಅನ್ನುವಾಗ ಸರ್ವನಾಮ ಬದಲಾಗುವುದಿಲ್ಲ, ಕೆಲಸವನ್ನೆಲ್ಲ ‘ಕೊಳ್ಳು’ ಮಾಡುತ್ತದೆ. ಇಂಗ್ಲಿಷಿನಲ್ಲಿ ‘ಕೊಳ್ಳು’ ಇಲ್ಲ. ಅದಕ್ಕೇ ಮಗು ‘ಐ ಸಾ ಮಿ’ ಎಂದು ಬರೆಯುತ್ತದೆ.

‘ತಾನು’ ಇನ್ನೂ ಸೂಕ್ಷ್ಮ. ‘ಲೀಲಾ ತನ್ನನ್ನು ಹೊಗಳಿದಳು ಅಂತ ರಾಜು ಹೇಳಿದ’. ಇಲ್ಲಿ ‘ತನ್ನನ್ನು’ ಉಪವಾಕ್ಯದ ಬೇಲಿ ದಾಟಿ ರಾಜುವನ್ನು ಹಿಡಿಯಬಲ್ಲದು. ಇಂಗ್ಲಿಷಿನ ಸೆಲ್ಫ್‌ಗೆ ಆ ಸ್ವಾತಂತ್ರ್ಯವಿಲ್ಲ. ‘ರಾಜು ಸೆಡ್ ದಟ್ ಲೀಲಾ ಪ್ರೇಸ್ಡ್ ಹಿಮ್‌ಸೆಲ್ಫ್’ ತಪ್ಪು, ‘ಹಿಮ್’ ಸರಿ. ‘ಹರ್‌ಸೆಲ್ಫ್’ ಅಂದರೆ ಲೀಲಾ ತನ್ನನ್ನೇ ಹೊಗಳಿಕೊಂಡಂತಾಯಿತು. ಮತ್ತೆ ಅದೇ ಪ್ರಶ್ನೆ: ಅದೇ ಉಪವಾಕ್ಯದಲ್ಲಿ ಕರ್ತೃ ಯಾರು? ಲೀಲಾ. ಇದೊಂದನ್ನು ಹಲಗೆಯ ಮೇಲೆ ಬಾಣ ಎಳೆದು ತೋರಿಸಿ, ಅರ್ಧ ಪೀರಿಯಡ್ ಹೋದರೂ ಚಿಂತೆಯಿಲ್ಲ.

ಸಮಯ ಮುಗಿಯುತ್ತಿದೆ ಎಂದು ಚೀಟಿ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ‘ಎಂಜಾಯ್’ಗೆ ಕರ್ಮ ಬೇಕು: ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’, ಇಲ್ಲವೇ ‘ವಿ ಎಂಜಾಯ್ಡ್ ದ ಟ್ರಿಪ್’. ‘ವಾಶ್’, ‘ಶೇವ್’, ‘ಡ್ರೆಸ್’ಗಳಿಗೆ ಸಾಮಾನ್ಯವಾಗಿ ಸೆಲ್ಫ್ ಬೇಡ. ನಮ್ಮ ಪ್ರಶ್ನೆಗೂ ಒಂದು ಅಪವಾದವಿದೆ: ‘ಶಿ ಬ್ರಾಟ್ ಹರ್ ಬ್ಯಾಗ್ ವಿತ್ ಹರ್’. ಕರ್ತೃ ಅವಳೇ ಆದರೂ, ಜೊತೆ ಅಥವಾ ಜಾಗ ಹೇಳುವ ‘ವಿತ್’, ‘ಬಿಹೈಂಡ್’ನಂಥ ಪದಗಳ ನಂತರ ಸಾಮಾನ್ಯ ಸರ್ವನಾಮವೇ ಬರುತ್ತದೆ. ಒಬ್ಬರನ್ನೊಬ್ಬರು ಅನ್ನಲು ‘ಈಚ್ ಅದರ್’, ‘ದೆಮ್‌ಸೆಲ್ವ್ಸ್’ ಅಲ್ಲ.

ಕೊನೆಗೆ, ಒತ್ತು ಕೊಡುವ ಸೆಲ್ಫ್. ‘ದ ಮಿನಿಸ್ಟರ್ ಹಿಮ್‌ಸೆಲ್ಫ್ ಕೇಮ್’ ಅಂದರೆ ಮಂತ್ರಿಗಳೇ ಬಂದರು. ಆ ಪದ ತೆಗೆದರೂ ವಾಕ್ಯ ನಿಲ್ಲುತ್ತದೆ. ‘ಕೇಮ್ ಬೈ ಹಿಮ್‌ಸೆಲ್ಫ್’ ಅಂದರೆ ಒಬ್ಬರೇ ಬಂದರು. ಈ ಎರಡನ್ನೂ ಜೋಡಿಯಾಗಿಯೇ ಕಲಿಸಿ.